ಬೊಮ್ಮಯ್ಯನ ತೋಟೆಶಾಸ್ತ್ರ

ಕುಮಟೆಯ ಪೇಟೆಯ ಒಂದು ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಅಚ್ಚಿನ ಮೊಳೆ ಜೋಡಿಸಿದ ಬೊಮ್ಮಯ್ಯ ನಾಯ್ಕನಿಗೆ ಅಚ್ಚಾದ ಅಕ್ಷರದ ಮೇಲಿದ್ದಷ್ಟು ಭಕ್ತಿ ದೇವರ ಮೇಲೂ ಇರಲಿಲ್ಲ. ದೇವರನ್ನು ಅವನು ಕಂಡಿರಲಿಲ್ಲ. ಅಚ್ಚನ್ನು ದಿನಾ ಕಾಣುತ್ತಿದ್ದ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಕೈಯಲ್ಲಿ ಬರೆದದ್ದು ಬರೆದವನ ಚಟ, ಅಚ್ಚಾದದ್ದು ಮಾತ್ರ ಸತ್ಯ, ಎಂಬುದು ಅವನ ನಂಬಿಕೆ. ಆ ಸತ್ಯದ ಒಂದು ಪಾಲನ್ನು ತಾನೇ ಕೈಯಾರೆ ತಯಾರಿಸಿದವನಿಗೆ ಈ ನಂಬಿಕೆ ಹೇಗೆ ಉಳಿಯಿತು ಎಂದು ಕೇಳಬಹುದು. ಹೊನ್ನಾವರದ ಕಡೆಯ ಒಂದು ಮದುವೆ ಕಾಗದದಲ್ಲಿ ಅವನು ವಧುವಿನ ಜಾಗಕ್ಕೆ ವಧುವಿನ ತಾಯಿಯ ಹೆಸರನ್ನು ಕೂಡಿಸಿದ್ದ. ಕಾಗದ ನಾಲ್ಕುನೂರು ಮನೆಗೆ ಹೋಗಿ ಹಂಚಿಯೂ ಆಗಿತ್ತು. ಬೀಗರು ಬಂದು ಕೂಗಾಡಿದಾಗ ಬೊಮ್ಮಯ್ಯ ತಣ್ಣಗೆ ಕರಡು ತೆಗೆದು, ಹುಡುಗಿಯ ಅಪ್ಪನೇ ಸಹಿ ಹಾಕಿದ್ದನ್ನು ತೋರಿಸಿದ. ಕರಡಿಗೆ ಸಹಿ ಬಿದ್ದ ಮೇಲೆ ತಪ್ಪು ಮದುವೆಯದು, ಅಚ್ಚಿನದಲ್ಲ.

ಅವನ ಮನೆ ಇದ್ದದ್ದು ಕುಮಟೆಯಿಂದ ಯಾಣಕ್ಕೆ ಹೋಗುವ ದಾರಿಯಲ್ಲಿ, ಕಾಡಿಗೆ ಅಂಟಿದ ಒಂದು ಊರಿನಲ್ಲಿ. ಒಂದಿಷ್ಟು ಗದ್ದೆ, ಗದ್ದೆ ಕೊಯ್ದ ಮೇಲೆ ಶೇಂಗಾ ಮತ್ತು ಗೆಣಸು. ನೆಡುವುದು ಬೊಮ್ಮಯ್ಯನ ಹೆಂಡತಿ ಬಂಗಾರಿ. ಅಗೆದು ತಿನ್ನುವುದು ಕಾಡುಹಂದಿ. ಹಂದಿಯ ರಕ್ಷಣೆಗೆ ಕಾಯಿದೆ ಇತ್ತು, ಇಲಾಖೆ ಇತ್ತು, ಜೀಪು ಇತ್ತು. ಗೆಣಸಿನ ರಕ್ಷಣೆಗೆ ಇದ್ದದ್ದು ಬೊಮ್ಮಯ್ಯನ ಅಪ್ಪ ಬಿಟ್ಟುಹೋದ ಒಂದು ಜೋಡುನಳಿಗೆಯ ಕೋವಿ. ಬೆಳೆ ಕಾಯಲಿಕ್ಕೆಂದು ಪರವಾನಗಿ ಇದ್ದ ಕೋವಿ. ಅದನ್ನು ಹಂದಿಯ ಕಡೆಗೆ ಹಾರಿಸುವ ಹಾಗಿಲ್ಲ, ಹಂದಿಗೆ ಕೇಳುವ ಹಾಗೆ ಹಾರಿಸಬಹುದು. ಹಾಗೆ ಕೇಳಿಸುವುದಕ್ಕೂ ಕೋವಿಮದ್ದು ತುಂಬಿದ ತೋಟೆ ಬೇಕಲ್ಲ. ತೋಟೆ ಸಿಗುವ ಅಂಗಡಿ ದೂರ. ಬಸ್ಸು ಹಿಡಿದು ಹೋದರೆ ಒಂದು ಸಲ ಮಾಲೀಕ ಊರಲ್ಲಿಲ್ಲ, ಇನ್ನೊಂದು ಸಲ ಮಾಲಿಲ್ಲ. ಅಪ್ಪ ಹಾರಿಸಿ ಮುಗಿಸಿದ್ದ ಖಾಲಿ ತೋಟೆಗಳು ಮಾತ್ರ ಒಂದು ಬಿಸ್ಕಿಟ್ ಡಬ್ಬಿಯ ತುಂಬ ಮನೆಯ ಮಾಡಿನ ಅಟ್ಟದಲ್ಲಿ ಕೂತಿದ್ದವು.

೧೯೯೮ರ ಮಳೆಗಾಲದಲ್ಲಿ ಆ ಪುಸ್ತಕ ಬಂತು. ಹೊನ್ನಾವರದ ಒಂದು ಹಳೆಯ ಡಾಕ್ಟರ್ ಮನೆತನದವರು ಅಜ್ಜನ ಪುಸ್ತಕಗಳನ್ನು ಬೈಂಡಿಂಗಿಗೆ ಕಳಿಸಿದ್ದರು. ಕಳಿಸಿದ್ದನ್ನು ಮರೆತೂ ಬಿಟ್ಟಿದ್ದರು. ಆ ರಾಶಿಯಲ್ಲಿ ಮುಖಪುಟ ಹರಿದ, ಗೆದ್ದಲು ಒಂದು ಮೂಲೆ ಓದಿ ಮುಗಿಸಿದ ಒಂದು ಇಂಗ್ಲಿಷ್ ಪುಸ್ತಕ. ಖಾಲಿ ತೋಟೆಯನ್ನು ಮತ್ತೆ ತುಂಬುವುದು ಹೇಗೆ ಎಂಬುದೇ ಅದರ ವಿಷಯ. ಚಿತ್ರ, ಪಟ್ಟಿ, ಅಂಕಿ, ಕೆಳಗೆ ಅಡಿಟಿಪ್ಪಣಿ. ಅಡಿಟಿಪ್ಪಣಿ ಕಂಡ ಕೂಡಲೆ ಬೊಮ್ಮಯ್ಯ ಕೈ ಮುಗಿಯುವುದೊಂದು ಬಾಕಿ. ಅಷ್ಟು ಸಣ್ಣ ಮೊಳೆಯನ್ನು ಅಷ್ಟು ನೇರ ಕೂಡಿಸಿದವರು ಸುಳ್ಳು ಬರೆಯುವುದುಂಟೆ?

ಒಂದೇ ತೊಡಕು. ಬೊಮ್ಮಯ್ಯ ಇಂಗ್ಲಿಷನ್ನು ಗಡಗಡನೆ ಜೋಡಿಸುತ್ತಿದ್ದ. ಅದರ ಅರ್ಥ ಅವನಿಗೆ ಬರುತ್ತಿರಲಿಲ್ಲ. ಸೊಸೈಟಿಯ ವಾರ್ಷಿಕ ವರದಿಯನ್ನು ಒಂದು ಅಕ್ಷರ ತಪ್ಪದೆ ಕೂಡಿಸಿ, ಅದರಲ್ಲಿ ಲಾಭ ಬರೆದಿದೆಯೋ ಲುಕ್ಸಾನು ಬರೆದಿದೆಯೋ ಎಂದು ಪಕ್ಕದವನನ್ನು ಕೇಳುತ್ತಿದ್ದ. ಹಾಗಾಗಿ ನಿಘಂಟು ತಂದು, ಒಂದು ನೋಟುಪುಸ್ತಕ ಮಾಡಿ, ಪ್ರತಿ ಭಾನುವಾರ ಎರಡು ಸಾಲಿನಂತೆ ಕನ್ನಡಕ್ಕೆ ಇಳಿಸತೊಡಗಿದ. ಮುನ್ನುಡಿಯನ್ನು ಬಿಟ್ಟ. ಜೀವನದಲ್ಲಿ ಅವನು ನೂರಾರು ಮುನ್ನುಡಿ ಜೋಡಿಸಿದ್ದ. ಒಂದರಲ್ಲೂ ಉಪಯೋಗದ ಮಾತು ಕಂಡಿರಲಿಲ್ಲ. ಎಲ್ಲ ಮುನ್ನುಡಿಗಳೂ ಯಾರಿಗೋ ಕೃತಜ್ಞತೆ ಹೇಳಿ ಮುಗಿಯುತ್ತಿದ್ದವು. ನೇರ ಒಂದನೇ ಅಧ್ಯಾಯಕ್ಕೆ ಹೋದ.

ಒಂದನೇ ಅಧ್ಯಾಯದಲ್ಲಿ 'ಗ್ರೇನ್' ಎಂಬ ಶಬ್ದ ಎದುರಾಯಿತು. ನಿಘಂಟು ಧಾನ್ಯ, ಕಾಳು ಎಂದಿತು. ಬೊಮ್ಮಯ್ಯ ನೋಟುಪುಸ್ತಕದಲ್ಲಿ 'ಮದ್ದು ಇಷ್ಟು ಕಾಳು' ಎಂದು ಅಂದವಾಗಿ ಬರೆದ. ಬಿಳಿಯರು ಇಷ್ಟು ದೇಶ ಆಳಿದ್ದು ಸುಮ್ಮನೆ ಅಲ್ಲ, ಮದ್ದನ್ನೂ ಕಾಳು ಎಣಿಸಿ ಹಾಕುವಷ್ಟು ತಾಳ್ಮೆ ಅವರಿಗಿತ್ತು ಎಂದು ಪ್ರೆಸ್ಸಿನಲ್ಲಿ ನಾಲ್ಕು ಜನರಿಗೆ ಹೇಳಿಯೂ ಹೇಳಿದ.

ಮುಂದಿನ ವರ್ಷ ಲೋಕಸಭೆ ಚುನಾವಣೆ ಬಂತು. ಚುನಾವಣೆ ಬಂದರೆ ಪರವಾನಗಿಯ ಕೋವಿಯೆಲ್ಲ ಠಾಣೆಗೆ ಹೋಗಬೇಕು. ಬೊಮ್ಮಯ್ಯನ ಕೋವಿಯೂ ಹೋಯಿತು, ಎರಡು ತಿಂಗಳು ಬಿಟ್ಟು ಬಂತು. ಅಷ್ಟರಲ್ಲಿ ಹಂದಿಗಳು ಮತದಾನಕ್ಕೆ ಕಾಯದೆ ಗೆಣಸನ್ನು ಮುಗಿಸಿದ್ದವು. ತೋಟೆಯನ್ನು ಮನೆಯಲ್ಲೇ ತುಂಬಲಿಕ್ಕೆ ಅಪ್ಪಣೆ ಬೇಕೋ ಎಂದು ಒಂದು ಕಚೇರಿಯಲ್ಲಿ ಕೇಳಿದ. ಅಲ್ಲಿಯವರು ಇನ್ನೊಂದು ಕಚೇರಿಗೆ ಕಳಿಸಿದರು. ಅಲ್ಲಿಯವರು, "ಇಷ್ಟ್ ವರ್ಷದಲ್ಲಿ ಇದನ್ನ ಯಾರೂ ಕೇಳ್ಲಿಲ್ಲ, ನೀ ಎಂತಕ್ಕೆ ಕೇಳ್ತೆ?" ಎಂದರು. ಬೇಡ ಎಂದು ಅವರು ಹೇಳಲಿಲ್ಲ ಎಂಬುದನ್ನೇ ಅಪ್ಪಣೆ ಎಂದು ತಿಳಿದು ಬೊಮ್ಮಯ್ಯ ಮನೆಗೆ ಬಂದ.

ಅನುಭವ ಇದ್ದವರನ್ನು ಒಂದು ಮಾತು ಕೇಳುವುದು ಒಳ್ಳೆಯದೆಂದು ತದಡಿಯ ಕಮಲಾಕರನನ್ನು ಹುಡುಕಿಕೊಂಡು ಹೋದದ್ದೂ ಉಂಟು. ಕಮಲಾಕರ ಹದಿನೇಳು ವರ್ಷ ಸೈನ್ಯದಲ್ಲಿ ಬಂದೂಕು ರಿಪೇರಿಯ ವಿಭಾಗದಲ್ಲಿದ್ದು ನಿವೃತ್ತನಾಗಿ, ಈಗ ಬಂದರಿನಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದವನು. ಮೈಯೆಲ್ಲ ಎಣ್ಣೆ ಮಾಡಿಕೊಂಡು ಇಂಜಿನ್ನಿನ ಒಳಗೆ ಅರ್ಧ ಇಳಿದಿದ್ದ ಅವನ ಮುಂದೆ ಬೊಮ್ಮಯ್ಯ ನೋಟುಪುಸ್ತಕ ಬಿಚ್ಚಿದ.

"ಸೈನ್ಯದಲ್ಲಿ ತೋಟೆ ಹೆಂಗೆ ತುಂಬ್ತಿದ್ರಿ?"

"ತುಂಬೂದಾ? ಸೈನ್ಯದಲ್ಲಿ ಯಾರು ತುಂಬ್ತ್ರು ಮಾರಾಯಾ? ಬೇಕಾದದ್ದು ಬರ್ದು ಇಂಡೆಂಟ್ ಹಾಕೂದು. ಪೆಟ್ಟಿಗೆ ಬತ್ತದೆ."

ಬೊಮ್ಮಯ್ಯನಿಗೆ ನಿರಾಶೆಯಾಯಿತು. ಕಮಲಾಕರ ಕೈ ಒರೆಸಿಕೊಂಡು ನೋಟುಪುಸ್ತಕದ ಎರಡು ಪುಟ ನೋಡಿದ. ಮೂರನೆಯದಕ್ಕೆ ಅವನ ಮುಖ ಬದಲಾಯಿತು.

"ಇದೆಂತ ಕಾಳು?"

"ಗ್ರೇನು. ಪುಸ್ತಕದಲ್ಲಿ ಹಂಗೇ ಇದ್ದು."

"ಅದು ತೂಕ ಮಾರಾಯಾ! ಗ್ರಾಮಿನ ಹದಿನೈದ್ನೇ ಒಂದು ಪಾಲು. ಕಾಳು ಎಣಿಸ್ಕಂಡು ಕೂತಿದ್ರೆ ನಿನ್ನ ಗತಿ?" ಎಂದು ಕಮಲಾಕರ ನೋಟುಪುಸ್ತಕವನ್ನು ಮುಚ್ಚಿ ಕೊಟ್ಟ. "ನೋಡು, ನಾ ಒಂದೇ ಹೇಳ್ತೆ. ಮಾಡಿ ಗೊತ್ತಿದ್ದವ ಪಕ್ಕದಲ್ಲಿ ಕೂತು ತೋರ್ಸೂ ತನಕ ಇದ್ರ ಸುದ್ದಿಗೆ ಹೋಗ್ಬೇಡ. ನಂಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಹೇಳ್ತೆ."

ಗೊತ್ತಿಲ್ಲ ಎಂದವನ ಮಾತನ್ನು ಯಾರು ಕೇಳುತ್ತಾರೆ? ಅದೂ ಅಚ್ಚಾಗದ ಮಾತು. ಬೊಮ್ಮಯ್ಯ ಕಾಳನ್ನು ಹೊಡೆದು ಹಾಕಿ 'ತೂಕ' ಎಂದು ತಿದ್ದಿಕೊಂಡ. ಉಳಿದ ಉಪದೇಶವನ್ನು ತದಡಿಯಲ್ಲೇ ಬಿಟ್ಟು ಬಂದ.

ಇಷ್ಟಕ್ಕೇ ನಿಂತಿದ್ದರೆ ಅವನ ನಿಘಂಟಿನ ವೇಗದಲ್ಲಿ ಎರಡನೇ ಅಧ್ಯಾಯ ಮುಗಿಯುವಾಗ ಅವನಿಗೆ ಅರವತ್ತು ತುಂಬಿರುತ್ತಿತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ೨೦೦೨ರಲ್ಲಿ ಬಂಗಾರಿಯ ತಮ್ಮ ಜಗದೀಶ ಹೊನ್ನಾವರದ ಬಸ್‌ಸ್ಟ್ಯಾಂಡಿನ ಹತ್ತಿರ ಸೈಬರ್ ಸೆಂಟರ್ ತೆರೆದ. ನಾಲ್ಕು ಕಂಪ್ಯೂಟರು, ನಡುವೆ ಪ್ಲೈವುಡ್ಡಿನ ಗೋಡೆ, ಹೊರಗೆ 'ಇಡೀ ಜಗತ್ತು ಇಲ್ಲಿದೆ' ಎಂಬ ಬೋರ್ಡು. ಕರೆಂಟು ಹೋದಾಗ ಇಡೀ ಜಗತ್ತು ಬೀಸಣಿಗೆ ಹಿಡಿದು ಬಾಗಿಲಲ್ಲಿ ಕೂರುತ್ತಿತ್ತು. ಜಗದೀಶನಿಗೆ ಪರದೆಯ ಮೇಲೆ ಬಂದದ್ದೆಲ್ಲ ಸತ್ಯ. ಬಾವನ ಮನೆಗೆ ಊಟಕ್ಕೆ ಬಂದವನು ಆ ಗೆದ್ದಲು ಪುಸ್ತಕ ಕಂಡು ನಕ್ಕ.

"ಬಾವಾ, ಇದನ್ನ ಬರ್ದವ ಸತ್ತು ಎಷ್ಟ್ ವರ್ಷ ಆತು? ನೆಟ್ಟಲ್ಲಿ ಬರಿಯೋರು ಈಗ, ಈ ಹೊತ್ತಿಗೆ ಜೀವಂತ ಇದ್ರು. ನಿನ್ನೆ ಮಾಡಿದ್ದನ್ನ ಇವತ್ತು ಬರಿತ್ರು. 'ಹಳೇಕರಡಿ ನಲವತ್ನಾಲ್ಕು' ಹೇಳಿ ಒಬ್ಬವ ತೋಟೆ ತುಂಬೂದನ್ನೇ ಬರಿತ."

"ಜೀವಂತ ಇದ್ದವ್ರಿಗೆ ಹೆಸ್ರಿಲ್ವನಾ? 'ಹಳೇಕರಡಿ ನಲವತ್ನಾಲ್ಕು' ಅಂದ್ರೆ ಯಾವ ಊರಿನ ಹೆಸ್ರು ಅದು? ಅಪ್ಪ ಇಟ್ಟದ್ದಾ?"

"ಹೆಸ್ರು ಎಂತಕ್ಕೆ? ವಿಷ್ಯ ಸರಿ ಇದ್ರೆ ಆತು."

"ವಿಷ್ಯ ಸರಿ ಇದ್ದವ ಹೆಸ್ರು ಮುಚ್ಚಿಡೂದು ಎಂತಕ್ಕೆ?"

ಊಟ ಆರಿತು. ಬಂಗಾರಿ ಎರಡು ಸಲ ಸಾರು ಬಿಸಿ ಮಾಡಿದಳು. ಆ ದಿನದಿಂದ ಬಾವ-ಬಾಮೈದರ ಯುದ್ಧ ಶುರುವಾಗಿ ಎರಡು ವರ್ಷ ನಡೆಯಿತು. ಜಗದೀಶ ಬಂದಾಗಲೆಲ್ಲ ನೆಟ್ಟಿನ ಹರಟೆಕಟ್ಟೆಯಿಂದ ತೆಗೆದ ಒಂದು ಕಟ್ಟು ಪ್ರಿಂಟೌಟು ತರುತ್ತಿದ್ದ. ಅದರಲ್ಲಿ ಮೊದಲನೆಯವನು ಒಂದು ತೂಕ ಹೇಳಿದ್ದ. ಮೂರನೆಯವನು ಮೊದಲನೆಯವನಿಗೆ ತಲೆಯಿಲ್ಲ ಎಂದಿದ್ದ. ಆರನೆಯವನು ಇಬ್ಬರಿಗೂ ಬೈದು ತನ್ನ ಮೂರನೇ ಮದುವೆಯ ಸುದ್ದಿ ಬರೆದಿದ್ದ. ಯಾವುದು ಸರಿ ಎಂದು ತೀರ್ಮಾನಿಸಲು ಜಗದೀಶನಿಗೆ ಒಂದು ಸುಲಭದ ದಾರಿ ಗೊತ್ತಿತ್ತು. ಯಾರಿಗೆ ಹೆಚ್ಚು ಜನ ಥ್ಯಾಂಕ್ಸ್ ಹೇಳಿದ್ದಾರೋ ಅವನದು ಸರಿ. ಪುಟದ ನೆತ್ತಿಯ ಮೇಲೆ ಕೆಂಪು ಅಕ್ಷರದಲ್ಲಿ ಏನೋ ಎಚ್ಚರಿಕೆ ಇತ್ತು. ಜಾಹೀರಾತು ಎಂದು ಅದನ್ನು ಬಿಟ್ಟೇ ಪ್ರಿಂಟ್ ತೆಗೆದಿದ್ದ. ಬಣ್ಣದ ಶಾಯಿ ಯಾಕೆ ಹಾಳು? ಅಲ್ಲಿಗೆ ಒಬ್ಬನು ಮುನ್ನುಡಿ ಓದಿರಲಿಲ್ಲ, ಇನ್ನೊಬ್ಬನು ಕೆಂಪಕ್ಷರ ಓದಿರಲಿಲ್ಲ. ಎರಡರಲ್ಲೂ ಬರೆದದ್ದು ಹೆಚ್ಚುಕಡಿಮೆ ಒಂದೇ ಮಾತು: ಇಲ್ಲಿ ಹೆಸರಿಸಿದ ಮದ್ದಿಗೆ ಮಾತ್ರ ಈ ಅಳತೆ, ಒಂದು ಕಡೆಯದನ್ನು ಇನ್ನೊಂದರ ಜೊತೆ ಬೆರೆಸಬೇಡಿ, ಅನುಮಾನ ಇದ್ದರೆ ಬಿಟ್ಟುಬಿಡಿ. ಬಾವ-ಬಾಮೈದರು ಒಪ್ಪಬಹುದಾಗಿದ್ದ ಒಂದೇ ಒಂದು ವಿಷಯವನ್ನು ಇಬ್ಬರೂ ಓದದೆ ಬಿಟ್ಟಿದ್ದರು.

೨೦೦೪ರ ಜನವರಿಯ ಒಂದು ಭಾನುವಾರ ಮಧ್ಯಾಹ್ನ ಯುದ್ಧಕ್ಕೆ ತೆರೆ ಎಳೆಯುವುದೆಂದು ತೀರ್ಮಾನವಾಯಿತು. ಅಂಗಳದಲ್ಲಿ ಚಾಪೆ. ಚಾಪೆಯ ಒಂದು ಕಡೆ ಪುಸ್ತಕ, ಇನ್ನೊಂದು ಕಡೆ ಪ್ರಿಂಟೌಟು, ನಡುವೆ ಅಕ್ಕಸಾಲಿಯ ಹತ್ತಿರ ಬೇಡಿ ತಂದ ತಕ್ಕಡಿ. ಮದ್ದು ಜಗದೀಶನ ಗೆಳೆಯನೊಬ್ಬ ತಂದುಕೊಟ್ಟ ಪೊಟ್ಟಣದಲ್ಲಿತ್ತು. ಪೊಟ್ಟಣದ ಮೇಲೆ ಒಂದಕ್ಷರ ಅಚ್ಚಾಗಿರಲಿಲ್ಲ. ಅಚ್ಚಿಲ್ಲದ ಮಾತನ್ನು ನಂಬದ ಬೊಮ್ಮಯ್ಯ ಅಚ್ಚಿಲ್ಲದ ಮದ್ದನ್ನು ಮಾತ್ರ ಒಂದು ಪ್ರಶ್ನೆ ಕೇಳದೆ ನಂಬಿದ. ಬಂಗಾರಿ ಬಾವಿಕಟ್ಟೆಯ ಹತ್ತಿರ ಕೂತು ಬಂಗಡೆ ಕೊಯ್ಯುತ್ತಿದ್ದಳು.

ಮೊದಲು ಜಗದೀಶನ ಸರದಿ. ಅವನ ಕಾಗದದಲ್ಲಿ ಅಂಕಿಯ ಮುಂದೆ 'ಜಿಆರ್' ಎಂದಿತ್ತು.

"ಇದು ಗ್ರಾಮು," ಎಂದ ಜಗದೀಶ.

"ಗ್ರೇನಲ್ವನಾ?"

"ಬಾವಾ, ಎರಡ್ಸಾವಿರದ ಇಸ್ವಿಯಲ್ಲಿ ಗ್ರೇನು ಯಾರು ಬಳಸ್ತ್ರು?"

ಗ್ರಾಮಿನ ಲೆಕ್ಕದಲ್ಲಿ ತೂಗಿ ತೋಟೆಗೆ ಸುರಿದರು. ತೋಟೆ ತುಂಬಿತು, ತುಂಬಿ ಚೆಲ್ಲಿತು, ಚಾಪೆಯ ಮೇಲೆ ರಾಶಿಯಾಯಿತು. ತಕ್ಕಡಿಯಲ್ಲಿ ಇನ್ನೂ ಬಹುಪಾಲು ಹಾಗೇ ಕೂತಿತ್ತು.

ಬಂಗಾರಿ ಅಲ್ಲಿಂದಲೇ ಕೂಗಿದಳು. "ಹೋಯ್, ಆ ತೋಟೆಗೆ ಬಾಯಿಲ್ಲ ಅಂದ್ಕಂಡ್ರಾ? ಹಿಡೂದಿಲ್ಲ ಹೇಳಿ ಅದೇ ಹೇಳ್ತಾ ಇದ್ದಲ್ಲ!"

"ಅಮೇರಿಕದ ತೋಟೆ ದೊಡ್ಡದಿರೂಕು ಅಕ್ಕಾ," ಎಂದ ಜಗದೀಶ. ಕಿವಿ ಮಾತ್ರ ಕೆಂಪಾಗಿತ್ತು.

ಬೊಮ್ಮಯ್ಯನಿಗೆ ಗೆದ್ದ ಖುಷಿ. ತನ್ನ ಪುಸ್ತಕದ ತೂಕ ಹಾಕಿ ತೋರಿಸಿದ. ತೋಟೆಯ ತಳ ಸಹ ಮುಚ್ಚಿದ ಹಾಗೆ ಕಾಣಲಿಲ್ಲ. ಈಗ ನಗುವ ಸರದಿ ಜಗದೀಶನದು. "ಇದ್ರಲ್ಲಿ ಹಂದಿ ಅಲ್ಲ ಬಾವಾ, ಗುಬ್ಬಿಯೂ ಹೆದರೂದಿಲ್ಲ." ಬೊಮ್ಮಯ್ಯನಿಗೂ ಒಳಗೇ ಹಾಗೆ ಅನಿಸಿತು. ಆದರೆ ಒಪ್ಪಿಕೊಂಡರೆ ಪುಸ್ತಕ ಸೋತಂತೆ. ಕೊನೆಗೆ, ಎರಡು ಮನೆಯ ನಡುವೆ ಬೇಲಿ ಜಗಳ ಬಂದಾಗ ಊರ ಹಿರಿಯರು ಮಾಡುವುದನ್ನೇ ಮಾಡಿದರು. ನಿನ್ನದೂ ಬೇಡ, ನನ್ನದೂ ಬೇಡ, ನಡುವೆ ಗೂಟ ಹೊಡೆಯೋಣ. ಕಬ್ಬಿಣದ ನಳಿಗೆ ಈ ರಾಜಿಗೆ ಸಹಿ ಹಾಕಿರಲಿಲ್ಲ.

ಕೋವಿಯನ್ನು ಕೈಯಲ್ಲಿ ಹಿಡಿದು ಹಾರಿಸದೆ, ಕಡಿದ ಮಾವಿನ ಬೊಡ್ಡೆಗೆ ಕಟ್ಟಿ, ಬೆರಳಿನಿಂದ ಎಳೆಯುವ ಕುದುರೆಗೆ ಹುರಿ ಬಿಗಿದು ದೂರದಿಂದ ಎಳೆಯಬೇಕೆಂದು ಹಟ ಹಿಡಿದವನು ಬೊಮ್ಮಯ್ಯ. ಪುಸ್ತಕದಲ್ಲಿ ಹಾಗೊಂದು ಚಿತ್ರವಿತ್ತು. ನಿಘಂಟಿಲ್ಲದೆ ಅವನಿಗೆ ಅರ್ಥವಾದದ್ದು ಅದೊಂದೇ. ಆ ಚಿತ್ರ ಇಲ್ಲದಿದ್ದರೆ ಈ ಕತೆ ಇಲ್ಲಿಗೆ ಮುಗಿದು, ಉಳಿದದ್ದು ಪತ್ರಿಕೆಯ ಮೂರನೇ ಪುಟದಲ್ಲಿ ಬರುತ್ತಿತ್ತು. ಬೊಮ್ಮಯ್ಯ ಚಿರೇಕಲ್ಲಿನ ಪಾಗಾರದ ಗೋಡೆಯ ಹಿಂದೆ ಹುರಿ ಹಿಡಿದು ಕೂತ. ಜಗದೀಶನೂ ಕೂತಿದ್ದ, ಆದರೆ ನೆಟ್ಟಿಗೆ ಹಾಕಲಿಕ್ಕೆ ಫೋಟೋ ಬೇಕೆಂದು ಕೊನೆಯ ಗಳಿಗೆಯಲ್ಲಿ ಕ್ಯಾಮೆರಾ ಹಿಡಿದು ಪಾಗಾರದ ಬದಿಯಿಂದ ಅರ್ಧ ಮೈ ಹೊರಗೆ ಹಾಕಿದ. ಬೊಮ್ಮಯ್ಯ, "ಒಳಗೆ ಬಾರೋ!" ಎಂದು ಕೂಗಲು ಅವನತ್ತ ಬಾಗಿದ. ಬಾಗಿದಾಗ ಕೈಯಲ್ಲಿದ್ದ ಹುರಿ ಬಿಗಿಯಿತು.

ಶಬ್ದ ಬಂತು ಎಂದರೆ ಸಾಲದು. ಬಾವಿಯ ನೀರು ನಡುಗಿತು, ಹಂಚಿನ ಮೇಲಿನ ಕಾಗೆಗಳು ಮೂರು ದಿನ ಊರಿಗೆ ಬರಲಿಲ್ಲ. ಹೊಗೆ ಇಳಿದ ಮೇಲೆ ನೋಡಿದರೆ ಎಡಗಡೆಯ ನಳಿಗೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿರಿದು ನಿಂತಿತ್ತು. ಮರದ ಹಿಡಿಕೆ ಎರಡು ಹೋಳು. ಅದರದೊಂದು ಗೇಣುದ್ದದ ಸಿಬರು ಜಗದೀಶನ ತೊಡೆಯ ಹಿಂಭಾಗದಲ್ಲಿ ನಾಟಿತ್ತು. ಬೊಮ್ಮಯ್ಯನ ಬಲಗಿವಿಯಲ್ಲಿ ಜೀರುಂಡೆಯೊಂದು ಕೂಗತೊಡಗಿತು. ಅದು ಇಂದಿಗೂ ಸುಮ್ಮನಾಗಿಲ್ಲ.

ಬಂಗಾರಿ ಓಡಿ ಬಂದಳು. ಗಂಡನ ಕೈ ಹಿಡಿದು ಹತ್ತು ಬೆರಳು ಎಣಿಸಿದಳು, ತಮ್ಮನ ಕಣ್ಣು ಎರಡೂ ಇದೆಯೋ ನೋಡಿದಳು. ಬೈಯಲಿಲ್ಲ. ತಮ್ಮನನ್ನು ಕವುಚಿ ಮಲಗಿಸಿ, ಗಾಯಕ್ಕೆ ಹಳೆಯ ಪಂಚೆ ಸುತ್ತಿ, ರಿಕ್ಷಾ ತರಲು ಪಕ್ಕದ ಮನೆಗೆ ಹೇಳಿ ಕಳಿಸಿದಳು. ಆಮೇಲೆ ಬಾವಿಕಟ್ಟೆಗೆ ಹೋಗಿ, ಕೊಯ್ದು ತೊಳೆದಿಟ್ಟಿದ್ದ ಬಂಗಡೆಯನ್ನೇ ಮತ್ತೆ ತೊಳೆಯತೊಡಗಿದಳು. ಬೊಮ್ಮಯ್ಯ ನೋಡುತ್ತ ನಿಂತ. ಅವಳು ಅದೇ ನಾಲ್ಕು ಮೀನನ್ನು ಮೂರು ಸಲ ತೊಳೆದಳು. ಒಂದು ಮೀನು ಬಾವಿಗೆ ಜಾರಿತು. ಏನೋ ಹೇಳಿದಳು, ಅವನಿಗೆ ಕೇಳಿಸಲಿಲ್ಲ. ತುಟಿ ಅಲುಗಿದ್ದು ಮಾತ್ರ ಕಂಡಿತು. ಮೊಳೆ ಜೋಡಿಸುವವನಿಗೆ ಅಕ್ಷರವನ್ನು ತಲೆಕೆಳಗಾಗಿ ಓದಲು ಬರುತ್ತದೆ, ಹೆಂಡತಿಯ ತುಟಿ ಓದಲು ಬರಲಿಲ್ಲ. ಏನೆಂದಳೆಂದು ಮುಂದೆಂದೂ ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಡಾಕ್ಟರರ ಹತ್ತಿರ ಜಗದೀಶ ತೆಂಗಿನ ಮಡಲಿನ ಮೇಲೆ ಬಿದ್ದೆ ಎಂದ. ಅವರು ಆ ಪಾಲಿಶ್ ಹೊಡೆದ ಸಿಬರನ್ನು ಬೆಳಕಿಗೆ ಹಿಡಿದು, "ಹೊನ್ನಾವರದ ತೆಂಗಿಗೆ ವಾರ್ನಿಶ್ ಹಚ್ಚೂದು ಯಾವಾಗಿಂದ?" ಎಂದಷ್ಟೇ ಕೇಳಿ ಹೊಲಿಗೆ ಹಾಕಿದರು. ಒಂದು ತಿಂಗಳು ಸೈಬರ್ ಸೆಂಟರಿನ ಮಾಲೀಕ ಇಡೀ ಜಗತ್ತನ್ನು ನಿಂತುಕೊಂಡೇ ನೋಡಿದ.

ಕೋವಿಯನ್ನು ಗೋಣಿಯಲ್ಲಿ ಸುತ್ತಿ ಮಾಡಿಗೆ ಹಾಕಿ ಬೊಮ್ಮಯ್ಯ ಮರೆಯಲು ನೋಡಿದ. ಆದರೆ ಆ ವರ್ಷವೂ ಚುನಾವಣೆ. ಕೋವಿ ತಂದೊಪ್ಪಿಸಬೇಕೆಂದು ನೋಟೀಸು ಬಂತು. ಗೋಣಿಯ ಗಂಟನ್ನು ಹೆಗಲಿಗೇರಿಸಿ ಬಸ್ಸು ಹತ್ತಿದ. ಠಾಣೆಯಲ್ಲಿ ಅಂದು ಕೋವಿಗಳ ಸಂತೆ. ಬರೆದುಕೊಳ್ಳುತ್ತಿದ್ದ ಪೊಲೀಸನಿಗೆ ಕತ್ತೆತ್ತಲು ಪುರಸೊತ್ತಿಲ್ಲ. ಗೋಣಿ ಬಿಚ್ಚದೆಯೇ ನಂಬರು ಕೇಳಿ ರಸೀತಿ ಹರಿದು ಕೊಟ್ಟ. ರಸೀತಿಯಲ್ಲಿ ಮೊದಲೇ ಅಚ್ಚಾಗಿತ್ತು: 'ಸುಸ್ಥಿತಿಯಲ್ಲಿರುವ ಕೋವಿಯನ್ನು ಪಡೆಯಲಾಗಿದೆ.'

ಬೊಮ್ಮಯ್ಯ ರಸೀತಿ ಹಿಡಿದು ಬಾಗಿಲ ತನಕ ಬಂದ. ಜೀವಮಾನದಲ್ಲಿ ಮೊದಲ ಸಲ ಅಚ್ಚು ಅವನ ಪಕ್ಷ ವಹಿಸಿತ್ತು. ಹಾಗೇ ಹೊರಟುಬಿಟ್ಟರೆ ಆಯಿತು; ನಾಳೆ ಯಾರಾದರೂ ಗೋಣಿ ಬಿಚ್ಚಿದರೆ ಠಾಣೆಯವರೇ ಒಡೆದರು ಎನ್ನಬಹುದು, ಸಾಕ್ಷಿ ಅಚ್ಚಾಗಿ ಕೈಯಲ್ಲಿದೆ. ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತ. ಬಲಗಿವಿಯ ಜೀರುಂಡೆ ಕೂಗುತ್ತಲೇ ಇತ್ತು. ತಿರುಗಿ ಹೋದ.

"ಸಾಯ್ಬ್ರೆ, ಇದು ತಪ್ಪಿದ್ದು. 'ಸುಸ್ಥಿತಿ' ಹೊಡ್ದು ಹಾಕಿ."

"ಅಚ್ಚಾದದ್ದನ್ನ ಹೊಡೆಯೂಕೆ ಬರೂದಿಲ್ಲ ಮಾರಾಯಾ. ಹೋಗು, ಹಿಂದೆ ಜನ ಇದ್ರು."

"ಕೋವಿ ಒಡ್ದು ಹೋಯ್ದು. ಮನೇಲಿ ತೋಟೆ ತುಂಬೂಕೆ ಹೋಗಿ ನಾನೇ ಒಡ್ದದ್ದು. ಹಂಗೇ ಬರ್ಕಳ್ಳಿ."

ಪೊಲೀಸ ಕತ್ತೆತ್ತಿದ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ತಪ್ಪನ್ನು ಒಪ್ಪಿಕೊಳ್ಳಲು ತಿರುಗಿ ಬಂದವನನ್ನು ಅವನು ಕಂಡದ್ದು ಅದೇ ಮೊದಲಿರಬೇಕು. ಇಂಥವರಿಗೆ ಯಾವ ಫಾರ್ಮು ಎಂದು ಅವನಿಗೂ ತಿಳಿಯಲಿಲ್ಲ.

ಸತ್ಯ ಹೇಳಿದ್ದಕ್ಕೆ ಬೊಮ್ಮಯ್ಯನಿಗೆ ಸಿಕ್ಕ ಬಹುಮಾನವೆಂದರೆ ಎಂಟು ತಿಂಗಳ ಓಡಾಟ. ಹೇಳಿಕೆ, ಹೇಳಿಕೆಯ ಪ್ರತಿ, ಪ್ರತಿಯ ದೃಢೀಕರಣ. ಐದು ವರ್ಷ ಮೊದಲು ಅಪ್ಪಣೆ ಬೇಕೋ ಎಂದು ಕೇಳಿದಾಗ ಗೊತ್ತಿಲ್ಲದ ಕಾಯಿದೆಯೆಲ್ಲ ಈಗ ಎಲ್ಲರಿಗೂ ಬಾಯಿಪಾಠ ಬಂದಿತ್ತು. ಕೊನೆಗೆ ಪರವಾನಗಿ ರದ್ದಾಯಿತು, ಕೋವಿ ಸರಕಾರಕ್ಕೆ ಹೋಯಿತು, ಒಬ್ಬ ಅಧಿಕಾರಿ ಎಚ್ಚರಿಕೆ ಕೊಟ್ಟು ಬಿಟ್ಟರು. ಬಂಗಾರಿ ಆ ವರ್ಷ ಗೆಣಸು ನೆಡದೆ ಅರಿಶಿನ ನೆಟ್ಟಳು. ಹಂದಿಗಳು ಒಂದು ರುಚಿ ನೋಡಿ ಪಕ್ಕದವರ ಗದ್ದೆಗೆ ವರ್ಗವಾದವು. ಪಕ್ಕದವರು ಅದಕ್ಕಾಗಿ ಇಂದಿಗೂ ಬೊಮ್ಮಯ್ಯನ ಮನೆಯವರ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ.

ಜಗದೀಶ ನಡೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಅದೇ ನೆಟ್ಟಿನ ಕಟ್ಟೆಗೆ ಹಾಕಿದ. ನಲವತ್ಮೂರು ಉತ್ತರ ಬಂದವು. ಪುಸ್ತಕವನ್ನೇ ನಂಬಬೇಕಿತ್ತು ಎಂದು ಹದಿನಾರು ಜನ, ಪುಸ್ತಕ ನಂಬಿದ್ದಕ್ಕೇ ಹೀಗಾಯಿತು ಎಂದು ಹದಿನೆಂಟು ಜನ. ಒಬ್ಬ ಅವನ ವ್ಯಾಕರಣ ತಿದ್ದಿದ, ಇನ್ನೊಬ್ಬ ಕುಮಟೆ ಆಫ್ರಿಕಾದಲ್ಲಿದೆಯೇ ಎಂದು ಕೇಳಿದ. ಉಳಿದವರು ಅವರವರೊಳಗೇ ಬೈದಾಡಿಕೊಂಡರು. ಬಾವನ ಕಿವಿ ಹೇಗಿದೆ ಎಂದು ಯಾರೂ ಕೇಳಲಿಲ್ಲ.

೨೦೦೬ರಲ್ಲಿ ಪ್ರೆಸ್ಸಿಗೆ ಆಫ್‌ಸೆಟ್ ಬಂತು. ಮೊಳೆಗಳನ್ನು ಗುಜರಿಯವನು ತೂಕ ಮಾಡಿ ಒಯ್ದ. ಬೊಮ್ಮಯ್ಯ ಒಂದು ವಾರ ಮನೆಯಲ್ಲಿ ಕೂತ, ಆಮೇಲೆ ಬಂಗಾರಿಯ ಮಾತಿಗೆ ಹೊನ್ನಾವರಕ್ಕೆ ಹೋಗಿ ಬಾಮೈದನ ಅಂಗಡಿಯಲ್ಲಿ ಕನ್ನಡ ಟೈಪಿಂಗಿಗೆ ಕೂತ. ಎರಡೇ ತಿಂಗಳಲ್ಲಿ ಕೈ ಹಿಡಿಯಿತು. ಅರ್ಜಿ, ಮದುವೆ ಕಾಗದ, ಯಕ್ಷಗಾನದ ಕರಪತ್ರ. ಕರಡು ತೆಗೆದರೆ ಈಗ ಗಿರಾಕಿ ಸಹಿ ಹಾಕಿದ ಮೇಲೂ ತಾನೊಮ್ಮೆ ಓದುತ್ತಾನೆ, ಮುನ್ನುಡಿ ಇದ್ದರೆ ಅದನ್ನೂ. ಗಿರಾಕಿಗಳು ನಿಂತು ಬಾಯಲ್ಲಿ ಹೇಳುತ್ತಾರೆ, ಇವನು ಒತ್ತುತ್ತಾನೆ. ಮೊದಮೊದಲು ಅವರು ಜೀರುಂಡೆ ಕೂಗುವ ಬಲಗಡೆ ನಿಲ್ಲುತ್ತಿದ್ದರು. ಒಬ್ಬ ದೋಣಿಯವನ ಅರ್ಜಿಯಲ್ಲಿ 'ಬಲೆ' ಎಂದದ್ದು 'ಬಾಳೆ' ಆಗಿ ತೋಟಗಾರಿಕೆಯವರಿಗೆ ಹೋಗುವುದರಲ್ಲಿತ್ತು. ಮರುದಿನ ಬೆಳಿಗ್ಗೆ ಬೊಮ್ಮಯ್ಯ ಬಂದು ನೋಡಿದರೆ ಅವನ ಮೇಜು ಎದುರಿನ ಗೋಡೆಯ ಬದಿಗೆ ಹೋಗಿತ್ತು. ಕುರ್ಚಿ ತಿರುಗಿಸಿ ಇಟ್ಟಿತ್ತು. ಬಂದವರು ಇನ್ನು ಎಡಗಡೆಯೇ ನಿಲ್ಲಬೇಕು.

"ಇದೆಂತಕ್ಕೆ ಈ ಬದಿಗೆ ಹಾಕ್ದೆ?" ಎಂದು ಕೇಳಿದ.

ಜಗದೀಶ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ. "ಅಲ್ಲಿ ಗಾಳಿ ಕಮ್ಮಿ ಇತ್ತು ಬಾವಾ."

ಫ್ಯಾನು ಇದ್ದದ್ದು ಹಳೆಯ ಜಾಗದ ನೆತ್ತಿಯ ಮೇಲೆ. ಬೊಮ್ಮಯ್ಯ ಅದನ್ನೊಮ್ಮೆ ನೋಡಿ, ಬೆವರು ಒರೆಸಿಕೊಂಡು ಮೊದಲ ಅರ್ಜಿಗೆ ಕೂತ.